ಬಿಳಿತಲೆ ಹದ್ದಿನ ಬೇಟೆ ನೋಡಬೇಕಾ? ಮೊದಲು ನೀರು ನೋಡಿ

ಅಮೆರಿಕದ ಬಾಲ್ಡ್ ಈಗಲ್ ಮೀನು ಹಿಡಿಯುವ ವೀಡಿಯೊ ನೀವು ನೋಡೇ ಇರುತ್ತೀರಿ. ಹದ್ದು ಮೇಲಿಂದ ಜಾರಿ ಬರುತ್ತದೆ, ಕಾಲು ಮುಂದೆ ಚಾಚುತ್ತದೆ, ನೀರು ಚಿಮ್ಮುತ್ತದೆ, ಮೀನು ಉಗುರಿನಲ್ಲಿ ಸಿಕ್ಕಿರುತ್ತದೆ. ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನದಿ ದಡಕ್ಕೆ ಹೋದವರು, ಚಳಿಯಲ್ಲಿ ಗಂಟೆಗಟ್ಟಲೆ ನಿಂತು, ಮರದ ಮೇಲೆ ಅಲ್ಲಾಡದೆ ಕೂತ ಹಕ್ಕಿಯನ್ನೇ ನೋಡಿ ಬೇಜಾರಾಗಿ ಮನೆಗೆ ಬರುತ್ತಾರೆ. "ಇವತ್ತು ಲಕ್ ಇರಲಿಲ್ಲ" ಅಂತಾರೆ.

ಅದು ಲಕ್ಕಿನ ಮಾತಲ್ಲ. ಆ ಹಕ್ಕಿ ಸುಮ್ನೆ ಕೂತಿರಲಿಲ್ಲ, ಕಾಯುತ್ತಿತ್ತು. ಅದು ಯಾವುದಕ್ಕೆ ಕಾಯುತ್ತಿತ್ತು ಅಂತ ನಮಗೆ ಗೊತ್ತಾದರೆ ಬೇಟೆ ಎಲ್ಲಿ, ಯಾವಾಗ, ಯಾವ ಕಡೆಯಿಂದ ಆಗುತ್ತದೆ ಅನ್ನುವುದನ್ನು ಸುಮಾರಾಗಿ ಮೊದಲೇ ಹೇಳಬಹುದು. ಅದಕ್ಕೆ ಹದ್ದನ್ನು ದಿಟ್ಟಿಸುವುದು ಬಿಟ್ಟು ನೀರನ್ನು ಓದಬೇಕು. ಮೀನು ಏನು ಮಾಡುತ್ತಿದೆ, ಯಾಕೆ ಮೇಲೆ ಬಂದಿದೆ, ಯಾಕೆ ಇಲ್ಲೇ ಬಂದಿದೆ ಅಂತ ಕೇಳಿಕೊಳ್ಳಬೇಕು.

ಮೊದಲು ಹಕ್ಕಿಯ ಮೈಕಟ್ಟು ತಿಳಿದುಕೊಳ್ಳೋಣ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 1.8ರಿಂದ 2.3 ಮೀಟರ್. ತೂಕ 3ರಿಂದ 6 ಕೆಜಿ. ಹೆಣ್ಣು ಗಂಡಿಗಿಂತ ಸುಮಾರು ಕಾಲು ಭಾಗ ದೊಡ್ಡದು. ಅಲಾಸ್ಕಾದ ಹದ್ದುಗಳು ಫ್ಲೋರಿಡಾದ ಹದ್ದುಗಳಿಗಿಂತ ದೊಡ್ಡವು. ಇಷ್ಟು ಭಾರದ ಮೈ ಹೊತ್ತು ರೆಕ್ಕೆ ಬಡಿದು ಹಾರುವುದು ತುಂಬಾ ಖರ್ಚಿನ ಕೆಲಸ. ಗಾಳಿ ಮೇಲೇಳುವ ಜಾಗದಲ್ಲಿ ರೆಕ್ಕೆ ಚಾಚಿ ತೇಲಿದರೆ ಖರ್ಚು ಕಡಿಮೆ. ಕೊಂಬೆಯ ಮೇಲೆ ಕೂತರೆ ಇನ್ನೂ ಕಡಿಮೆ. ಹಾಗಾಗಿ ಈ ಹಕ್ಕಿಯ ಇಡೀ ದಿನ ಬಿಗಿ ಸಂಬಳದಲ್ಲಿ ಮನೆ ನಡೆಸುವವರ ಲೆಕ್ಕದ ಹಾಗೆ ಇರುತ್ತದೆ. ಒಂದು ಸಲ ಹಾರಿದ್ದಕ್ಕೆ ಖರ್ಚಾದಷ್ಟಾದರೂ ವಾಪಸ್ ಬರಬೇಕು, ಬರುವ ಹಾಗಿಲ್ಲದಿದ್ದರೆ ಏಳುವುದೇ ಇಲ್ಲ. ಹೊಟ್ಟೆ ತುಂಬಿದ್ದರಂತೂ ಕೇಳಲೇಬೇಡಿ. ಕುತ್ತಿಗೆಯ ಕೆಳಗೆ ತಿಂದದ್ದನ್ನು ಕೂಡಿಟ್ಟುಕೊಳ್ಳುವ ಒಂದು ಚೀಲ ಇರುತ್ತದೆ. ಅದರಲ್ಲಿ ಒಂದು ಕೆಜಿಯ ಹತ್ತಿರ ಹತ್ತಿರ ಆಹಾರ ಹಿಡಿಯುತ್ತದೆ. ಎದೆಯ ಮೇಲ್ಭಾಗ ಉಬ್ಬಿಕೊಂಡಿರುವ ಹದ್ದು ಕಂಡರೆ ಅದರ ಮುಂದೆ ಕಾಯುವುದು ವ್ಯರ್ಥ, ಪಕ್ಕದ ಮರಕ್ಕೆ ಹೋಗಿ.

ಈಗ ಒಂದು ನಿಜವಾದ ಜಾಗಕ್ಕೆ ಹೋಗೋಣ. ಮೇರಿಲ್ಯಾಂಡ್ ರಾಜ್ಯದಲ್ಲಿ ಸಸ್ಕ್ವೆಹಾನಾ ನದಿಗೆ ಕಟ್ಟಿದ ಕೊನೋವಿಂಗೋ ಅಣೆಕಟ್ಟು. 1928ರಲ್ಲಿ ಕಟ್ಟಿದ್ದು. ಬಾಲ್ಟಿಮೋರಿನಿಂದ ಕಾರಿನಲ್ಲಿ ಒಂದು ಗಂಟೆ ಆಚೀಚೆ. ಆ ಕಡೆ ಇರುವ ಕನ್ನಡದವರಿಗೆ ಒಂದು ಬೆಳಿಗ್ಗೆಯಲ್ಲಿ ಹೋಗಿ ಬರುವಷ್ಟು ಹತ್ತಿರ. ಅಣೆಕಟ್ಟಿನ ಕೆಳಗೆ ಫಿಶರ್‌ಮನ್ಸ್ ಪಾರ್ಕ್ ಅಂತ ಒಂದು ಜಾಗ ಇದೆ. ನವೆಂಬರ್ ಬಂತು ಅಂದರೆ ಅಲ್ಲಿ ದೊಡ್ಡ ದೊಡ್ಡ ಲೆನ್ಸ್ ಹಿಡಿದವರ ಸಾಲು ನಿಂತಿರುತ್ತದೆ. ಮರಗಳಲ್ಲಿ, ಬಂಡೆಗಳ ಮೇಲೆ, ವಿದ್ಯುತ್ ಕಂಬಗಳ ಮೇಲೆ ಹದ್ದುಗಳು.

ಯಾಕೆ ಅಲ್ಲಿ? ಯಾಕೆ ನವೆಂಬರಿನಲ್ಲಿ?

ಅಣೆಕಟ್ಟಿನ ಹಿನ್ನೀರಿನಲ್ಲಿ ಗಿಜಾರ್ಡ್ ಶ್ಯಾಡ್ ಅನ್ನುವ ಬೆಳ್ಳಿ ಬಣ್ಣದ ಮೀನು ರಾಶಿ ರಾಶಿ ಇದೆ. ಈ ಮೀನಿಗೆ ಚಳಿ ತಡೆದುಕೊಳ್ಳಲು ಆಗುವುದಿಲ್ಲ. ನೀರು ತಣ್ಣಗಾಗುತ್ತಾ ಹೋದ ಹಾಗೆ ಅದರ ಚುರುಕು ಕಡಿಮೆಯಾಗುತ್ತದೆ, ಸಣ್ಣ ಮೀನುಗಳು ಸಾಯುವುದೂ ಉಂಟು. ಹೀಗೆ ಮಂಕಾದ ಮೀನುಗಳು ಟರ್ಬೈನಿನ ಮೂಲಕ ಈ ಕಡೆಗೆ ಬರುತ್ತವೆ. ಒಳಗೆ ನೀರಿನ ಒತ್ತಡ ಇದ್ದಕ್ಕಿದ್ದಂತೆ ಬದಲಾಗುತ್ತದೆ. ಮೀನಿನ ಮೈಯೊಳಗಿನ ಗಾಳಿಚೀಲಕ್ಕೆ ಅದು ತಡೆಯುವುದಿಲ್ಲ. ಕೆಲವಕ್ಕೆ ಟರ್ಬೈನಿನ ಅಲಗಿನಿಂದಲೇ ಪೆಟ್ಟು ಬೀಳುತ್ತದೆ. ಸತ್ತವು, ಅರೆಸತ್ತವು, ದಿಕ್ಕು ತಪ್ಪಿ ಮಗ್ಗುಲಾಗಿ ಈಜುವವು, ಎಲ್ಲ ನೀರಿನ ಮೇಲ್ಮೈಗೆ ಬರುತ್ತವೆ. ಅದೇ ಹೊತ್ತಿಗೆ ಉತ್ತರದ ಕೆರೆ, ನದಿಗಳು ಹೆಪ್ಪುಗಟ್ಟಲು ಶುರುವಾಗಿ ಅಲ್ಲಿನ ಹದ್ದುಗಳು ದಕ್ಷಿಣಕ್ಕೆ ಇಳಿದು ಬರುತ್ತಿರುತ್ತವೆ. ಅಣೆಕಟ್ಟಿನ ಕೆಳಗೆ ನೀರು ಸದಾ ಕಲಕುತ್ತಿರುವುದರಿಂದ ಅಲ್ಲಿ ಬೇಗ ಮಂಜುಗಡ್ಡೆ ಕಟ್ಟುವುದಿಲ್ಲ. ಮೀನು ಮೇಲೆ ಬರುವ ಕಾಲಕ್ಕೂ ಹದ್ದು ಇಳಿದು ಬರುವ ಕಾಲಕ್ಕೂ ಹೀಗೆ ತಾಳೆಯಾಗುತ್ತದೆ.

ಇದು ಗೊತ್ತಿದ್ದರೆ ಆ ಪಾರ್ಕಿನಲ್ಲಿ ಕಾಯುವ ರೀತಿಯೇ ಬದಲಾಗುತ್ತದೆ. ಅಣೆಕಟ್ಟಿನವರು ಇಡೀ ದಿನ ಒಂದೇ ಪ್ರಮಾಣದ ನೀರು ಬಿಡುವುದಿಲ್ಲ. ಕರೆಂಟಿಗೆ ಬೇಡಿಕೆ ಜಾಸ್ತಿ ಆದಾಗ ಜಾಸ್ತಿ ಟರ್ಬೈನ್ ಓಡಿಸುತ್ತಾರೆ. ಕೆಳಗೆ ನೀರು ಏರುತ್ತದೆ ಅಂತ ಮೀನು ಹಿಡಿಯುವವರನ್ನು ಎಚ್ಚರಿಸಲು ಸೈರನ್ ಕೂಗುತ್ತದೆ. ಅಲ್ಲಿನ ಹಳಬರು ಸೈರನ್ ಕೇಳಿದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಳ್ಳುತ್ತಾರೆ. ಆಮೇಲೆ ಗಲ್ ಅನ್ನುವ ಕಡಲಹಕ್ಕಿಗಳನ್ನು ನೋಡಬೇಕು. ಅವು ಚದುರಿ ಕೂತಿದ್ದರೆ ನೀರಿನಲ್ಲಿ ಏನೂ ಇಲ್ಲ. ಟರ್ಬೈನಿನ ಬಾಯಿಯ ಹತ್ತಿರ ಗುಂಪಾಗಿ ಗಲಾಟೆ ಮಾಡುತ್ತಾ ನೀರಿಗೆ ಮುಖ ಹಾಕಲು ಶುರು ಮಾಡಿದರೆ ಮೀನು ಬರುತ್ತಿದೆ ಅಂತ ಅರ್ಥ. ಅದನ್ನು ನಿಮಗಿಂತ ಮುಂಚೆ ಹದ್ದು ಗಮನಿಸಿರುತ್ತದೆ. (ಅಂದ ಹಾಗೆ, ಅಲ್ಲಿ ಕಾರು ನಿಲ್ಲಿಸುವವರಿಗೆ ಒಂದು ಮಾತು. ಅಲ್ಲಿನ ಕಪ್ಪು ರಣಹದ್ದುಗಳಿಗೆ ಕಾರಿನ ರಬ್ಬರ್ ಅಂದರೆ ಬಹಳ ಇಷ್ಟ. ವೈಪರ್, ಕಿಟಕಿಯ ಅಂಚಿನ ಪಟ್ಟಿ, ಎಲ್ಲ ಕಿತ್ತು ಹಾಕುತ್ತವೆ. ಗೊತ್ತಿದ್ದವರು ಟಾರ್ಪಾಲು ಹೊದಿಸಿಯೇ ಹೋಗುತ್ತಾರೆ.)

ಹದ್ದು ಇನ್ನೇನು ಏಳುತ್ತದೆ ಅನ್ನುವುದಕ್ಕೂ ಗುರುತುಗಳಿವೆ. ಅಲ್ಲಿ ಇಲ್ಲಿ ನೋಡುತ್ತಿದ್ದ ತಲೆ ಒಂದೇ ಕಡೆ ನಿಲ್ಲುತ್ತದೆ. ಮೈ ಮುಂದಕ್ಕೆ ಬಾಗುತ್ತದೆ. ಪುಕ್ಕ ಉಬ್ಬಿಸಿ ದಪ್ಪಗೆ ಕೂತಿದ್ದ ಹಕ್ಕಿ ಪುಕ್ಕ ಒತ್ತಿಕೊಂಡು ತೆಳ್ಳಗೆ ಕಾಣುತ್ತದೆ. ಎಷ್ಟೋ ಸಲ ಹಾರುವ ಸ್ವಲ್ಪ ಮುಂಚೆ ಹಿಕ್ಕೆ ಹಾಕುತ್ತದೆ. ಫೋಟೊ ತೆಗೆಯುವವರು ಇದನ್ನೇ ಕಾದು ಬೆರಳು ಸಿದ್ಧ ಮಾಡಿಕೊಳ್ಳುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತಲೂ ನೋಡಿಕೊಳ್ಳಿ. ಭಾರದ ಹಕ್ಕಿ ಎದುರುಗಾಳಿಗೆ ಮುಖ ಮಾಡಿ ಏಳುವುದೇ ಹೆಚ್ಚು, ಅದರಿಂದ ಎತ್ತುವ ಬಲ ಸುಲಭವಾಗಿ ಸಿಗುತ್ತದೆ.

ಇನ್ನು ಆ ಹತ್ತು ಸೆಕೆಂಡಿನ ವಿಷಯ. ಅಲ್ಲಿ ಏನೇನು ನಡೆಯುತ್ತದೆ ಅಂತ ಬಿಡಿಸಿ ನೋಡಿದರೆ ನಿಜಕ್ಕೂ ಆಶ್ಚರ್ಯ ಆಗುತ್ತದೆ.

ಕಣ್ಣಿನಿಂದ ಶುರು ಮಾಡೋಣ. ನಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿ ಅತಿ ಸ್ಪಷ್ಟವಾಗಿ ಕಾಣಿಸುವ ಒಂದು ಚುಕ್ಕೆಯಷ್ಟು ಜಾಗ ಇದೆ. ಹದ್ದಿನ ಒಂದೊಂದು ಕಣ್ಣಿನಲ್ಲೂ ಅಂಥ ಎರಡು ಜಾಗ ಇವೆ. ಒಂದು ಪಕ್ಕಕ್ಕೆ, ದೂರದ್ದನ್ನು ಹುಡುಕಲು. ಇನ್ನೊಂದು ಮುಂದಕ್ಕೆ, ಎರಡೂ ಕಣ್ಣು ಸೇರಿಸಿ ದೂರ ಅಳೆಯಲು. ಕಣ್ಣುಗುಡ್ಡೆಯನ್ನು ನಮ್ಮ ಹಾಗೆ ಆ ಕಡೆ ಈ ಕಡೆ ಹೊರಳಿಸಲು ಅದಕ್ಕೆ ಹೆಚ್ಚು ಆಗುವುದಿಲ್ಲ, ಅದಕ್ಕೇ ತಲೆಯನ್ನೇ ಓರೆ ಮಾಡಿ ನೋಡುತ್ತದೆ. ಕೊಂಬೆಯ ಮೇಲಿನ ಹದ್ದು ತಲೆ ಓರೆ ಮಾಡಿದರೆ ಅದು ದೂರದ್ದೇನನ್ನೋ ಚೆನ್ನಾಗಿ ನೋಡುತ್ತಿದೆ.

ಆದರೆ ನೀರೊಳಗಿನ ಮೀನು ಕಂಡಲ್ಲಿ ಇರುವುದಿಲ್ಲ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ, ಹಾಗಾಗಿ ಮೀನು ಇರುವುದಕ್ಕಿಂತ ಮೇಲೆ ಇರುವ ಹಾಗೆ ಕಾಣುತ್ತದೆ. ನೇರವಾಗಿ ಮೇಲಿನಿಂದ ನೋಡಿದರೆ 20 ಸೆಂಟಿಮೀಟರ್ ಆಳದಲ್ಲಿರುವ ಮೀನು 15 ಸೆಂಟಿಮೀಟರ್ ಆಳದಲ್ಲಿ ಕಾಣುತ್ತದೆ. ಓರೆಯಾಗಿ ನೋಡಿದರೆ ಈ ವ್ಯತ್ಯಾಸ ಇನ್ನೂ ಜಾಸ್ತಿ. ಬಿಳಿತಲೆ ಹದ್ದು ಬರುವುದೇ ಓರೆಯಾಗಿ, ನೀರಿಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ. ಮೀನು ಆಳದಲ್ಲಿದ್ದಷ್ಟೂ ತಪ್ಪು ದೊಡ್ಡದಾಗುತ್ತದೆ. ಮೇಲ್ಮೈಗೆ ಅಂಟಿಕೊಂಡ ಹಾಗೆ ಇರುವ ಮೀನಿನಲ್ಲಿ ತಪ್ಪೇ ಇಲ್ಲ ಅನ್ನಬಹುದು. ಅಷ್ಟೇ ಅಲ್ಲ, ಈ ಹಕ್ಕಿ ನೀರಿಗೆ ಧುಮುಕುವ ಜಾತಿಯದ್ದಲ್ಲ. ಕಾಲು ಎಷ್ಟು ಉದ್ದ ಇದೆಯೋ ಅಷ್ಟೇ ಆಳ ಅದಕ್ಕೆ ಎಟಕುವುದು. ಇದಕ್ಕೇ ನಾನು ನೀರು ನೋಡಿ ಅಂತ ಮತ್ತೆ ಮತ್ತೆ ಹೇಳುತ್ತಿರುವುದು. ನದಿಯಲ್ಲಿ ಮೀನು ಎಷ್ಟೇ ಇರಲಿ, ಮೇಲಿನ ಆ ಒಂದು ಪದರದಲ್ಲಿ ಇಲ್ಲದಿದ್ದರೆ ಹದ್ದಿನ ಪಾಲಿಗೆ ಆ ನದಿ ಖಾಲಿ.

ಕೊನೆಯ ಕ್ಷಣದಲ್ಲಿ ಹದ್ದು ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ಜಾರುತ್ತದೆ, ಬಾಲದಡಿ ಇದ್ದ ಕಾಲುಗಳನ್ನು ಮುಂದಕ್ಕೆ ತೂಗಿ ತರುತ್ತದೆ. ಬೆರಳುಗಳ ಅಡಿಯಲ್ಲಿ ಮುಳ್ಳಿನಂಥ ಗಡುಸು ಉಬ್ಬುಗಳಿವೆ, ಲೋಳೆ ಮೈಯ ಮೀನು ಜಾರದ ಹಾಗೆ. ಹಿಂದಿನ ಬೆರಳಿನ ಉಗುರು ಬಹಳ ಬಲವಾದದ್ದು, ಮೀನಿನ ಮೈಗೆ ಚುಚ್ಚಿ ಹಿಡಿಯುವುದು ಅದೇ. ಮೀನಿಗೆ ಉಗುರು ತಾಗುವ ಹೊತ್ತಿಗೆ ಹದ್ದು ನಿಂತಿರುವುದಿಲ್ಲ, ವೇಗದಲ್ಲೇ ಇರುತ್ತದೆ, ಆ ವೇಗದಿಂದಲೇ ರೆಕ್ಕೆಗೆ ಎತ್ತುವ ಬಲ ಸಿಗುತ್ತಿರುತ್ತದೆ. ಮೀನು ಸಣ್ಣದಾದರೆ ಏನೂ ಆಗದ ಹಾಗೆ ಮೇಲೇರುತ್ತದೆ. ದೊಡ್ಡದಾದರೆ ಒಮ್ಮೆಲೇ ವೇಗ ಇಳಿಯುತ್ತದೆ, ಆಗ ನೋಡಿ ಆ ಹಕ್ಕಿಯ ಕಷ್ಟ, ರೆಕ್ಕೆಯ ತುದಿ ನೀರಿಗೆ ಬಡಿಯುತ್ತಾ, ಒಂದೊಂದು ಅಡಿ ಮೇಲೇರಲೂ ಒದ್ದಾಡುತ್ತದೆ. ಸಾಮಾನ್ಯವಾಗಿ ಎರಡು ಕೆಜಿ ಹತ್ತಿರದ ತೂಕವೇ ಅದಕ್ಕೆ ಮಿತಿ. ಹದ್ದು ಮೇಕೆಯನ್ನು ಎತ್ತಿಕೊಂಡು ಹೋಯಿತು, ಮಗುವನ್ನು ಎತ್ತಿಕೊಂಡು ಹೋಯಿತು ಅಂತ ವಾಟ್ಸಾಪಿನಲ್ಲಿ ಬರುವ ವೀಡಿಯೊಗಳನ್ನು ಈ ಒಂದು ಅಂಕಿ ನೆನಪಿಟ್ಟುಕೊಂಡು ನೋಡಿ.

ಎತ್ತಲಾಗದಷ್ಟು ದೊಡ್ಡ ಮೀನು ಸಿಕ್ಕರೆ ಏನು ಮಾಡುತ್ತದೆ? ಈಜುತ್ತದೆ. ನಿಜವಾಗಿ. ನೀರಿನ ಮೇಲೆ ತೇಲುತ್ತಾ ಎರಡೂ ರೆಕ್ಕೆಗಳನ್ನು ದೋಣಿಯ ಹುಟ್ಟಿನ ಥರ ಬೀಸಿ, ಮೀನನ್ನು ಕಾಲಲ್ಲಿ ಹಿಡಿದುಕೊಂಡೇ ದಡ ಸೇರುತ್ತದೆ. "ಉಗುರು ಒಮ್ಮೆ ಲಾಕ್ ಆದರೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಮುಳುಗಿ ಸಾಯುತ್ತದೆ" ಅಂತ ಒಂದು ಕತೆ ಎಲ್ಲ ಕಡೆ ಓಡಾಡುತ್ತದೆ. ಅದು ಸರಿಯಲ್ಲ. ಬೇಟೆ ಹಕ್ಕಿಗಳ ಬೆರಳಿನ ಸ್ನಾಯುರಜ್ಜುಗಳಲ್ಲಿ ಹಲ್ಲು ಹಲ್ಲಿನಂಥ ರಚನೆ ಇರುವುದು ನಿಜ, ಹೆಚ್ಚು ಶಕ್ತಿ ಹಾಕದೆ ಹಿಡಿತ ಬಿಗಿಯಾಗಿರಲಿ ಅಂತ. ಆದರೆ ಬೇಕೆಂದಾಗ ಬಿಡಬಹುದು. ಬಿಡುವುದಿಲ್ಲ ಅಷ್ಟೇ, ಅಷ್ಟು ದೊಡ್ಡ ಊಟ ಯಾರು ಬಿಡುತ್ತಾರೆ? ತುಂಬಾ ತಣ್ಣನೆಯ ನೀರಿನಲ್ಲಿ ಬಹಳ ಹೊತ್ತು ಈಜಿದರೆ ಮಾತ್ರ ಮೈ ಚಳಿಗೆ ಸೋತು ಅಪಾಯ ಆಗಬಹುದು.

ಮೀನು ಹಿಡಿದರೆ ಬೇಟೆ ಮುಗಿಯಿತು ಅಂದುಕೊಂಡು ಕ್ಯಾಮೆರಾ ಇಳಿಸಿದರೆ ಅರ್ಧ ಆಟ ತಪ್ಪಿಸಿಕೊಂಡಿರಿ ಅಂತಲೇ. ಕೊನೋವಿಂಗೋದಲ್ಲಿ ಒಂದು ಹದ್ದು ಮೀನೆತ್ತಿದ ಕೂಡಲೇ ಹಿಂದೆ ಇನ್ನೊಂದು ಬರುತ್ತದೆ, ಅದರ ಹಿಂದೆ ಮತ್ತೊಂದು. ಗಾಳಿಯಲ್ಲೇ ಒಂದು ತಲೆಕೆಳಗಾಗಿ ಉಗುರು ಚಾಚುತ್ತದೆ, ಮೀನು ಕೆಳಗೆ ಬೀಳುತ್ತದೆ, ಮೂರನೆಯದು ಅದನ್ನು ಹೊತ್ತುಕೊಂಡು ಹೋಗುತ್ತದೆ. ಕದಿಯುವುದು ಈ ಜಾತಿಯ ದೊಡ್ಡ ಕಸುಬು. ಆಸ್‌ಪ್ರೇ ಅನ್ನುವ ಮೀನು ಹಿಡಿಯುವ ಇನ್ನೊಂದು ಹಕ್ಕಿ ಕಷ್ಟಪಟ್ಟು ಧುಮುಕಿ ಮೀನು ತಂದರೆ, ಅದನ್ನು ಅಟ್ಟಿಸಿಕೊಂಡು ಹೋಗಿ ಬಿಡಿಸಿಕೊಳ್ಳುತ್ತದೆ. 1782ರಲ್ಲಿ ಈ ಹದ್ದು ಅಮೆರಿಕದ ಮುದ್ರೆಯ ಮೇಲೆ ಬಂತು. ಅದಾದ ಎರಡೇ ವರ್ಷಕ್ಕೆ, 1784ರ ಜನವರಿಯಲ್ಲಿ, ಬೆಂಜಮಿನ್ ಫ್ರಾಂಕ್ಲಿನ್ ಮಗಳಿಗೆ ಬರೆದ ಪತ್ರದಲ್ಲಿ ಇದನ್ನೇ ಹಿಡಿದು ಬೈದಿದ್ದಾನೆ. ಇದು ಒಳ್ಳೆಯ ನಡತೆಯ ಹಕ್ಕಿ ಅಲ್ಲ, ಸೋಮಾರಿ, ಬೇರೆಯವರ ಮೀನು ಕಿತ್ತುಕೊಳ್ಳುತ್ತದೆ ಅಂತ. ಫ್ರಾಂಕ್ಲಿನ್ ಕಣ್ಣಿಗೆ ಬಿದ್ದದ್ದು ಸರಿ, ತೀರ್ಪು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಖರ್ಚಿನ ಲೆಕ್ಕ ನೆನಪಿದೆಯಲ್ವಾ? ಮೀನು ಹಿಡಿಯುವ ಕಷ್ಟದ ಭಾಗ ಇನ್ನೊಬ್ಬರು ಮಾಡಿ ಆಗಿದ್ದರೆ, ಭಾರ ಹೊತ್ತು ನಿಧಾನವಾದ ಹಕ್ಕಿಯನ್ನು ಬೆನ್ನಟ್ಟುವುದೇ ಅಗ್ಗ. ಹೊಟ್ಟೆ ಹಸಿದ ಹಕ್ಕಿ, ದೊಡ್ಡ ಮೈಯ ಹಕ್ಕಿ ಇಂಥ ಜಗಳದಲ್ಲಿ ಗೆಲ್ಲುವುದು ಹೆಚ್ಚು. ಎದುರಿನದು ಬಿಟ್ಟುಕೊಟ್ಟು ಹಾರಿದರೆ ಅದೂ ಲೆಕ್ಕವೇ, ಗಾಯ ಮಾಡಿಕೊಂಡರೆ ಇಡೀ ಚಳಿಗಾಲ ಹೋಯಿತು.

ಕದಿಯುವುದರಲ್ಲಿ ಎಳೆಯ ಹದ್ದುಗಳನ್ನು ವಿಶೇಷವಾಗಿ ನೋಡಬೇಕು. ಬಿಳಿ ತಲೆ, ಬಿಳಿ ಬಾಲ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಕಂದು ಮೈ, ಅಲ್ಲಲ್ಲಿ ಬಿಳಿ ಮಚ್ಚೆ. ಮೊದಲ ಸಲ ನೋಡುವವರು ಇದು ಬೇರೆ ಜಾತಿ ಅಂದುಕೊಳ್ಳುತ್ತಾರೆ. ಎಳೆಯದರ ರೆಕ್ಕೆ ಅಗಲ, ಬಾಲ ಉದ್ದ, ಹಾಗಾಗಿ ಅಪ್ಪ ಅಮ್ಮನಿಗಿಂತ ದೊಡ್ಡದಾಗಿಯೇ ಕಾಣುತ್ತದೆ. ಗೂಡು ಬಿಟ್ಟ ಮೊದಲ ವರ್ಷ ಅವಕ್ಕೆ ಬೇಟೆ ಸರಿಯಾಗಿ ಬರುವುದಿಲ್ಲ. ನೀರಿಗೆ ಬೇಗ ಕಾಲು ಹಾಕುತ್ತವೆ, ಇಲ್ಲ ತಡವಾಗಿ ಹಾಕುತ್ತವೆ, ಕೆಲವೊಮ್ಮೆ ತೇಲುವ ಕಡ್ಡಿಯನ್ನು ಹಿಡಿದು ಮೇಲೇರುತ್ತವೆ. ಸತ್ತ ಮೀನು, ಕದ್ದ ಮೀನು, ಇವೇ ಅವನ್ನು ಆ ಚಳಿಗಾಲ ದಾಟಿಸುವುದು. ಬಿಳಿತಲೆಯವನ್ನೇ ಹಿಂಬಾಲಿಸಿ ಫೋಟೊ ತೆಗೆಯುವವರಿಗೆ ನಾನು ಹೇಳುವುದು ಇಷ್ಟೇ, ಒಂದು ಕಂದು ಹಕ್ಕಿಯನ್ನು ಆರಿಸಿಕೊಂಡು ಬೆಳಿಗ್ಗೆ ಪೂರ್ತಿ ಅದನ್ನೇ ನೋಡಿ. ಬೇಟೆ ಕಲಿಯುವುದು ಎಷ್ಟು ಕಷ್ಟ ಅಂತ ಅಲ್ಲಿ ಗೊತ್ತಾಗುತ್ತದೆ.

ಬೇಟೆ ಅಂದರೆ ಚಳಿಗಾಲ, ಅಣೆಕಟ್ಟು ಮಾತ್ರ ಅಂದುಕೊಳ್ಳಬೇಡಿ. ಸಿಯಾಟಲ್ ಕಡೆ ಇರುವವರಿಗೆ ನನ್ನ ಪ್ರಕಾರ ಇನ್ನೂ ಚೆಂದದ ಜಾಗ ಇದೆ, ಅದೂ ಬೇಸಿಗೆಯಲ್ಲಿ. ವಾಷಿಂಗ್ಟನ್ ರಾಜ್ಯದ ಹುಡ್ ಕೆನಾಲ್ ಅನ್ನುವ ಕಡಲ ಚಾಚಿನಲ್ಲಿ, ಸೀಬೆಕ್ ಊರಿನ ಹತ್ತಿರ, ಬಿಗ್ ಬೀಫ್ ಕ್ರೀಕ್ ಕಡಲು ಸೇರುತ್ತದೆ. ಮೇ ಕೊನೆಯಿಂದ ಜುಲೈ ಶುರುವಿನವರೆಗೆ ಅಲ್ಲಿ ಹದ್ದುಗಳು ಗುಂಪು ಸೇರುತ್ತವೆ. ಕಾರಣ ಒಂದು ಮೀನು, ಅದರ ಹೆಸರು ಪ್ಲೇನ್‌ಫಿನ್ ಮಿಡ್‌ಶಿಪ್‌ಮನ್. ವರ್ಷದ ಬಹುಪಾಲು ಆಳದಲ್ಲಿರುವ ಈ ಮೀನು ಮರಿ ಮಾಡಲು ದಡಕ್ಕೆ ಬರುತ್ತದೆ. ಗಂಡು ಮೀನು ಕಲ್ಲಿನ ಅಡಿ ಗೂಡು ಮಾಡಿಕೊಂಡು, ರಾತ್ರಿ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಹೊರಡಿಸಿ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ, ಗಂಡು ಅಲ್ಲೇ ಕಾವಲು ಕೂರುತ್ತದೆ. ಸಮುದ್ರ ಇಳಿದು ಕಲ್ಲುಗಳು ಹೊರಗೆ ಕಂಡರೂ ಅದು ಮೊಟ್ಟೆ ಬಿಟ್ಟು ಹೋಗುವುದಿಲ್ಲ. ನೀರಿಲ್ಲದ ಗಂಟೆಗಳನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಆದರೆ ಮೇಲೆ ಹದ್ದು ಕೂತಿರುತ್ತದೆ.

ಇಲ್ಲಿ ಸಮಯ ನೋಡಲು ಗಡಿಯಾರ ಬೇಡ, ಸಮುದ್ರದ ಇಳಿತದ ಪಟ್ಟಿ ಸಾಕು. ತುಂಬಾ ಕೆಳಗೆ ಇಳಿಯುವ ದಿನ ಆರಿಸಿಕೊಳ್ಳಬೇಕು. ನೀರು ಇಳಿಯುತ್ತಾ ಹೋದಂತೆ ಕಲ್ಲುಗಳ ನಡುವೆ ಸಣ್ಣ ಸಣ್ಣ ಗುಂಡಿಗಳಲ್ಲಿ ಮೀನು ಸಿಕ್ಕಿಕೊಳ್ಳುತ್ತದೆ. ಮೊದಲು ನೀಲಿ ಬಕಗಳು ಬಂದು ಮೀನು ಹೆಕ್ಕುತ್ತವೆ. ಹದ್ದು ಸ್ವಲ್ಪ ಹೊತ್ತು ನೋಡುತ್ತದೆ. ಬಕ ಕೊಕ್ಕಿನಲ್ಲಿ ಮೀನು ಹಿಡಿದು ತಲೆ ಎತ್ತಿದ ಕೂಡಲೇ ಅದರ ಮೇಲೆ ಎರಗುತ್ತದೆ, ಬಕ ಕಿರುಚಿ ಮೀನು ಬಿಟ್ಟು ಓಡುತ್ತದೆ. ಕೆಲವು ಹದ್ದುಗಳು ತಾವೇ ಹಾರಿ ಬಂದು ಗುಂಡಿಯಿಂದ ಎತ್ತಿಕೊಳ್ಳುತ್ತವೆ. ಗಂಡು ಮೀನಿನ ತಂದೆತನ, ಚಂದ್ರನ ಸೆಳೆತದ ಇಳಿತ, ಬಕದ ಕೊಕ್ಕು, ಇವು ಮೂರೂ ಸೇರಿದ ಜಾಗದಲ್ಲಿ ಹದ್ದಿನ ಊಟ ಇದೆ. ಇದನ್ನು ತಿಳಿಯದೆ ನೀರು ತುಂಬಿದ್ದಾಗ ಹೋದರೆ ಖಾಲಿ ಕಡಲು ಮಾತ್ರ ಕಾಣುತ್ತದೆ. ಅಲ್ಲಿ ದಡದ ಕೆಲವು ಭಾಗ ಖಾಸಗಿ ಜಾಗ, ಅದನ್ನು ನೋಡಿಕೊಂಡು ನಿಲ್ಲಿ.

ನೀರುಹಕ್ಕಿಗಳ ಬೇಟೆ ಇನ್ನೊಂದು ಥರ. ನಮ್ಮ ಕೆರೆಗಳಲ್ಲಿ ಕಾಣುವ ನಾಮದ ಕೋಳಿಯ ಅಮೆರಿಕದ ಬಂಧುಗಳು ಚಳಿಗಾಲದಲ್ಲಿ ನೂರಾರು ಸೇರಿ ತೇಲುತ್ತಿರುತ್ತವೆ. ಹದ್ದು ಮೇಲೆ ಬಂದ ಕೂಡಲೇ ಅವೆಲ್ಲ ಒತ್ತೊತ್ತಾಗಿ ಸೇರಿ ಒಂದು ಕಪ್ಪು ಮುದ್ದೆ ಆಗುತ್ತವೆ. ಮುದ್ದೆಯೊಳಗಿನ ಒಂದನ್ನು ಹಿಡಿಯುವುದು ಕಷ್ಟ. ಹದ್ದು ಸುತ್ತುತ್ತದೆ, ಕೆಳಗೆ ಬಂದ ಹಾಗೆ ಮಾಡಿ ಮತ್ತೆ ಏರುತ್ತದೆ, ಅದರ ಕೆಲಸವೇ ಆ ಗುಂಪು ಒಡೆಯುವುದು. ಒಂದು ಹಕ್ಕಿ ಹೊರಗೆ ಉಳಿಯಿತೋ, ಅದರ ಮೇಲೆ ಗುರಿ. ಅದು ನೀರಿಗೆ ಮುಳುಗುತ್ತದೆ, ಉಸಿರಿಗೆ ಮೇಲೆ ಬರುತ್ತದೆ, ಹದ್ದು ಮತ್ತೆ ಎರಗುತ್ತದೆ, ಮತ್ತೆ ಮುಳುಗುತ್ತದೆ. ಒಂದೊಂದು ಸಲವೂ ಮುಳುಗಿರುವ ಹೊತ್ತು ಕಡಿಮೆಯಾಗುತ್ತಾ ಬರುತ್ತದೆ. ಇಂಥ ಕಡೆ ಗಂಡು ಹೆಣ್ಣು ಜೋಡಿಯಾಗಿ ಸರದಿಯಲ್ಲಿ ಎರಗುವುದೂ ಉಂಟು. ನೋಡಲು ಸುಲಭದ ದೃಶ್ಯವಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲೇ ಮಾತಾಡಿಕೊಂಡು ಹೋಗಿ. ಮಿಸೌರಿಯ ಲೋಯೆಸ್ ಬ್ಲಫ್ಸ್ ವನ್ಯಜೀವಿ ಧಾಮದಲ್ಲಿ ಇದೇ ಆಟ ಲಕ್ಷಗಟ್ಟಲೆ ಹಿಮ ಬಾತುಗಳ ಜೊತೆ ನಡೆಯುತ್ತದೆ. ಒಂದು ಹದ್ದು ಮೇಲೆ ಹಾದು ಹೋದರೆ ಇಡೀ ಹಿಂಡು ಎದ್ದು ಆಕಾಶ ಬೆಳ್ಳಗಾಗುತ್ತದೆ. ಹದ್ದು ಆಗ ಎದ್ದವನ್ನು ನೋಡುತ್ತಿರುವುದಿಲ್ಲ, ಏಳಲಾಗದೆ ಉಳಿದವನ್ನು ನೋಡುತ್ತಿರುತ್ತದೆ.

ಅತಿ ಹೆಚ್ಚು ಹದ್ದು ಒಂದೇ ಕಡೆ ನೋಡಬೇಕೆಂದರೆ ಅಲಾಸ್ಕಾದ ಹೇನ್ಸ್ ಊರಿನ ಬಳಿಯ ಚಿಲ್ಕಾಟ್ ನದಿಗೆ ಹೋಗಬೇಕು. ನೆಲದಡಿಯಿಂದ ಉಕ್ಕುವ ಬೆಚ್ಚಗಿನ ನೀರಿನಿಂದ ನದಿಯ ಒಂದು ಭಾಗ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ, ತಡವಾಗಿ ಬರುವ ಸಾಮನ್ ಮೀನುಗಳು ಅಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಒಳ್ಳೆಯ ವರ್ಷದಲ್ಲಿ 3,000ದಷ್ಟು ಹದ್ದು ಸೇರಿದ್ದಿದೆ. 1982ರಲ್ಲಿ ಅದನ್ನು ಸಂರಕ್ಷಿತ ಪ್ರದೇಶ ಮಾಡಿದರು. ಆದರೆ ಅಲ್ಲಿ ಬೇಟೆಗಿಂತ ಸತ್ತ ಮೀನು ತಿನ್ನುವುದು, ಕಿತ್ತಾಡುವುದೇ ಜಾಸ್ತಿ. ಜೀವಂತ ಬೇಟೆ ನೋಡುವ ಆಸೆಯಿದ್ದರೆ ಕೊನೋವಿಂಗೋವೇ ವಾಸಿ.

ಇನ್ನೊಂದು ವಿಷಯ, ಎಲ್ಲ "ಬೇಟೆ" ಫೋಟೊಗಳೂ ಬೇಟೆಯಲ್ಲ. ಮೀನು ಎಸೆದು ಹದ್ದು ಬರಿಸಿ ತೆಗೆದವು ಬಹಳ ಇವೆ. ಅಲಾಸ್ಕಾದ ಹೋಮರ್ ಊರಿನಲ್ಲಿ ಜೀನ್ ಕೀನ್ ಎಂಬ ಮಹಿಳೆ ವರ್ಷಾನುಗಟ್ಟಲೆ ಚಳಿಗಾಲದಲ್ಲಿ ಹದ್ದುಗಳಿಗೆ ಮೀನು ಹಾಕುತ್ತಿದ್ದರು, ಫೋಟೊಗ್ರಾಫರುಗಳೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಆಮೇಲೆ ಊರಿನವರು ಹದ್ದಿಗೆ ಊಟ ಹಾಕುವುದನ್ನು ನಿಷೇಧಿಸಿದರು. ಎಸೆದ ಮೀನಿಗೆ ಬರುವ ಹದ್ದು ಮನುಷ್ಯನನ್ನೇ ನೋಡಿಕೊಂಡು ಬರುವುದನ್ನು ಕಲಿಯುತ್ತದೆ, ರಸ್ತೆ, ತಂತಿ, ದೋಣಿಗಳ ನಡುವೆ ಅದು ಒಳ್ಳೆಯದಲ್ಲ. ನನಗಂತೂ ಎಸೆದ ಮೀನಿನ ಫೋಟೊದಲ್ಲಿ ಸ್ವಾರಸ್ಯವೇ ಕಾಣುವುದಿಲ್ಲ. ಮೀನು ಯಾಕೆ ಅಲ್ಲಿತ್ತು ಅನ್ನುವ ಕತೆಯೇ ಇಲ್ಲವಲ್ಲ.

ಇಷ್ಟೊಂದು ಹದ್ದು ನೋಡಲು ಸಿಗುತ್ತಿರುವುದೇ ದೊಡ್ಡ ಮಾತು. 1963ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 417 ಜೋಡಿ. ಹೊಲಕ್ಕೆ ಹೊಡೆದ ಡಿಡಿಟಿ ನೀರಿಗೆ ಇಳಿದು, ಮೀನಿನ ಮೈ ಸೇರಿ, ಅದರಿಂದ ಹದ್ದಿನ ಮೈ ಸೇರಿತ್ತು. ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವು ಕೊಡಲು ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. 2007ರಲ್ಲಿ ಹದ್ದನ್ನು ಅಪಾಯದ ಪಟ್ಟಿಯಿಂದ ತೆಗೆದರು. 2021ರಲ್ಲಿ ಸರ್ಕಾರ ಕೊಟ್ಟ ಅಂದಾಜು 71,467 ಜೋಡಿ. 2024ರ ಡಿಸೆಂಬರಿನಲ್ಲಿ ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿಯೂ ಆಯಿತು. ಆದರೆ ಅಪಾಯ ಮುಗಿದಿಲ್ಲ. ಬೇಟೆಗಾರರು ಬಿಟ್ಟುಹೋದ ಜಿಂಕೆಯ ಕರುಳಲ್ಲಿ ಸೀಸದ ಗುಂಡಿನ ಚೂರು ಇರುತ್ತದೆ, ಹದ್ದು ಅದನ್ನು ತಿನ್ನುತ್ತದೆ. 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ 38 ರಾಜ್ಯಗಳ ಹದ್ದುಗಳನ್ನು ಪರೀಕ್ಷಿಸಿ, ಹೆಚ್ಚು ಕಡಿಮೆ ಅರ್ಧದಷ್ಟರ ಮೂಳೆಯಲ್ಲಿ ದೀರ್ಘಕಾಲದ ಸೀಸದ ವಿಷ ಇದೆ ಅಂತ ತೋರಿಸಿತು. ಸುಲಭದ ಊಟ ಆರಿಸಿಕೊಳ್ಳುವ ಬುದ್ಧಿಯೇ ಇಲ್ಲಿ ಅದಕ್ಕೆ ಮುಳುವಾಗಿದೆ.

ಹೋಗುವವರಿಗೆ ಕೆಲವು ಮಾತು. ಗೂಡಿನಿಂದ ಕಡಿಮೆಯೆಂದರೂ 100 ಮೀಟರ್ ದೂರ ಇರಿ. ಕೂತ ಹಕ್ಕಿಯನ್ನು ಎಬ್ಬಿಸಲು ಚಪ್ಪಾಳೆ ತಟ್ಟುವುದು, ಹತ್ತಿರ ಹೋಗುವುದು ಬೇಡವೇ ಬೇಡ, ಚಳಿಗಾಲದಲ್ಲಿ ಸುಮ್ನೆ ಎದ್ದು ಹಾರಿದ ಒಂದೊಂದು ಸಲವೂ ಅದಕ್ಕೆ ನಷ್ಟ. ಕೆಳಗೆ ಬಿದ್ದ ಪುಕ್ಕ ಎಷ್ಟೇ ಚೆನ್ನಾಗಿದ್ದರೂ ಎತ್ತಿಕೊಂಡು ಬರಬೇಡಿ. ಅನುಮತಿ ಇಲ್ಲದೆ ಒಂದು ಪುಕ್ಕ ಇಟ್ಟುಕೊಳ್ಳುವುದೂ ಅಲ್ಲಿ ಅಪರಾಧ, 1940ರ ಕಾನೂನು ಅದು, ವೀಸಾದಲ್ಲಿ ಇರುವವರಂತೂ ಇದನ್ನು ನೆನಪಿಡಿ. ಕ್ಯಾಮೆರಾ ಇದ್ದರೆ ಶಟರ್ ವೇಗ 1/2000ಕ್ಕಿಂತ ಕಡಿಮೆ ಬೇಡ, ಫೋಟೊದಲ್ಲಿ ಬಿಳಿ ತಲೆ ವಿವರವೇ ಕಾಣದಷ್ಟು ಬೆಳ್ಳಗಾಗದ ಹಾಗೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಕ್ಯಾಮೆರಾ ಇಲ್ಲದಿದ್ದರೆ ಒಂದು ಸಾಧಾರಣ ಬೈನಾಕ್ಯುಲರ್ ಸಾಕು, ನನ್ನ ಕೇಳಿದರೆ ಅದರಲ್ಲೇ ಜಾಸ್ತಿ ಕಾಣುತ್ತದೆ. ಕೂಗು ಕೇಳಿ ಮೋಸ ಹೋಗಬೇಡಿ, ಸಿನಿಮಾದಲ್ಲಿ ಕೇಳುವ ಗಂಭೀರವಾದ ಕೂಗು ಸಾಮಾನ್ಯವಾಗಿ ಕೆಂಪು ಬಾಲದ ಗಿಡುಗದ್ದು. ಇದರದ್ದು ಸಣ್ಣ ಕೀಚು ದನಿ.

ಕರ್ನಾಟಕದಲ್ಲಿ ಇದ್ದುಕೊಂಡು ಇದನ್ನು ಓದುತ್ತಿರುವವರಿಗೂ ಒಂದು ದಾರಿ ಇದೆ. ಈ ಹದ್ದು ಯಾರ ಮೀನು ಕದಿಯುತ್ತದೋ ಆ ಆಸ್‌ಪ್ರೇ ಚಳಿಗಾಲದಲ್ಲಿ ಉತ್ತರದಿಂದ ನಮ್ಮಲ್ಲಿಗೂ ಬರುತ್ತದೆ, ಕಬಿನಿಯ ಹಿನ್ನೀರಿಗೆ, ಭದ್ರಾ ಜಲಾಶಯಕ್ಕೆ. ಕರಾವಳಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಇದೆ, ಅದು ಬಾಲ್ಡ್ ಈಗಲ್‌ಗೆ ಹತ್ತಿರದ ಬಂಧು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ ಅದು ಗೂಡು ಕಟ್ಟುವ ಜಾಗ. ಎರಡನ್ನೂ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆಸ್‌ಪ್ರೇ ಮೇಲೆ ಒಂದೇ ಕಡೆ ರೆಕ್ಕೆ ಬಡಿದು ನಿಂತು, ಕಾಲು ಮುಂದು ಮಾಡಿ ನೀರಿಗೆ ಧುಮುಕುತ್ತದೆ, ಮೈ ಪೂರ್ತಿ ಮುಳುಗುವುದೂ ಉಂಟು, ಹಾಗಾಗಿ ಸ್ವಲ್ಪ ಆಳದ ಮೀನೂ ಅದಕ್ಕೆ ಸಿಗುತ್ತದೆ. ಕಡಲ ಹದ್ದು ಬಾಲ್ಡ್ ಈಗಲ್ ಹಾಗೆಯೇ ಜಾರಿ ಬಂದು ಮೇಲ್ಮೈಯಿಂದ ಕೆರೆದು ಎತ್ತಿಕೊಳ್ಳುತ್ತದೆ. ಭದ್ರಾಕ್ಕೆ ಹೋದರೆ ಡಿಸೆಂಬರ್, ಜನವರಿಯ ಬೆಳಿಗ್ಗೆ ಹೋಗಿ, ನೀರಿನಲ್ಲಿ ನಿಂತ ಒಣಮರಗಳ ತುದಿಯನ್ನು ಒಂದೊಂದಾಗಿ ಹುಡುಕಿ, ಆಸ್‌ಪ್ರೇ ಕೂರುವುದು ಅಲ್ಲೇ.